ಒಬ್ಬನೋ, ಮೂವತ್ತೊಂಬತ್ತು ಮಂದಿಯೋ?



ನಿಮ್ಮಲ್ಲಿ ಅನೇಕರು ಶಿಕ್ಷಕರು. ಶಿಕ್ಷಕರಲ್ಲದವರು ತಮ್ಮ ಮಕ್ಕಳನ್ನು ಶಿಕ್ಷಕರ ಕೈಗೆ ಒಪ್ಪಿಸಿದವರು. ಹೀಗಾಗಿ ಈ ವಾರ ನಾನು ಎತ್ತಿಕೊಂಡಿರುವ ಪ್ರಶ್ನೆ ನಿಮ್ಮ ಮನೆಯ ಪ್ರಶ್ನೆಯೂ ಹೌದು. ನಲವತ್ತು ಮಕ್ಕಳಿರುವ ಒಂದು ತರಗತಿಯಲ್ಲಿ ಒಬ್ಬ ಹುಡುಗ ಪಾಠ ನಡೆಯಲು ಬಿಡುವುದಿಲ್ಲ. ಆಗ ಶಿಕ್ಷಕಿ ಯಾರ ಪರವಾಗಿ ನಿಲ್ಲಬೇಕು? ಆ ಒಬ್ಬನ ಪರವೋ, ಉಳಿದ ಮೂವತ್ತೊಂಬತ್ತು ಮಂದಿಯ ಪರವೋ?

ಇದು ಶಾಲೆಯ ಶಿಸ್ತಿನ ವಿಷಯ, ಮುಖ್ಯೋಪಾಧ್ಯಾಯರು ನೋಡಿಕೊಳ್ಳುತ್ತಾರೆ, ಗುರುಗಳಿಗೆ ಇದರಲ್ಲಿ ಏನು ಕೆಲಸ ಎಂದು ಕೇಳುವವರಿದ್ದಾರೆ. ಶಿಸ್ತಿನ ವಿಷಯ ಎಂಬುದು ನಿಜ. ಆದರೆ ಅದರ ಅಡಿಯಲ್ಲಿ ನ್ಯಾಯದ ಪ್ರಶ್ನೆಯೊಂದಿದೆ. ಯಾರಿಗೆ ಏನು ಸಲ್ಲಬೇಕೋ ಅದನ್ನು ಅವರಿಗೆ ಸಲ್ಲಿಸುವ ದೃಢ ಮನಸ್ಸೇ ನ್ಯಾಯ ಎಂದು ಗುರುಮಠದಲ್ಲಿ ನಮಗೆ ಕಲಿಸಿದ್ದರು. ಅಲ್ಲಿ ಕಲಿತಾಗ ಇದು ಬಹಳ ಸುಲಭವಾಗಿ ಕಂಡಿತ್ತು. ಒಂದು ಹೈಸ್ಕೂಲಿನ ಸಂಚಾಲಕನಾಗಿ ಶಿಕ್ಷಕರ ದೂರು, ಪೋಷಕರ ದೂರು, ಮಕ್ಕಳ ಅಳು ಎಲ್ಲವನ್ನೂ ಒಂದೇ ಮೇಜಿನ ಹಿಂದೆ ಕುಳಿತು ಕೇಳುವಾಗ ಅದು ಅಷ್ಟು ಸುಲಭವಾಗಿ ಕಾಣುವುದಿಲ್ಲ.

ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲಿನ ಮೊದಲ ಪಿರಿಯಡ್ಡನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂಬತ್ತನೆಯ ತರಗತಿ, ಗಣಿತದ ಪಾಠ. ಶಿಕ್ಷಕಿ ಬೋರ್ಡಿನ ಕಡೆ ತಿರುಗಿದ ಕೂಡಲೇ ಹಿಂದಿನ ಬೆಂಚಿನಿಂದ ಬೆಕ್ಕು ಕೂಗುತ್ತದೆ. ತಿರುಗಿ ನೋಡಿದರೆ ಎಲ್ಲರೂ ಪುಸ್ತಕದಲ್ಲಿ ಮುಳುಗಿದ್ದಾರೆ. ಮತ್ತೆ ಬೋರ್ಡು, ಮತ್ತೆ ಬೆಕ್ಕು. "ಯಾರದು?" ಎಂದು ಕೇಳಿದರೆ ಉತ್ತರವಿಲ್ಲ, ಆದರೆ ಇಡೀ ತರಗತಿಯ ತುಟಿಯಲ್ಲಿ ನಗು. ಹೆಸರು ಹಿಡಿದು ಎಬ್ಬಿಸಿದರೆ, "ನಾನಲ್ಲ ಮಿಸ್, ಬೆಕ್ಕು ಮಿಸ್" ಎಂಬ ಉತ್ತರ. ಈಗ ನಗು ತಡೆಯುವವರಿಲ್ಲ. ಲೆಕ್ಕ ಎಲ್ಲಿಗೆ ಬಂದಿತ್ತು ಎಂಬುದು ಶಿಕ್ಷಕಿಗೇ ಮರೆತುಹೋಗಿದೆ.

ಓದುವಾಗ ನಮಗೂ ನಗು ಬರುತ್ತದೆ. ನಾವೆಲ್ಲ ಒಂದು ಕಾಲದಲ್ಲಿ ಆ ಬೆಂಚುಗಳಲ್ಲಿ ಕುಳಿತವರೇ ತಾನೇ! ಆದರೆ ಸ್ವಲ್ಪ ಲೆಕ್ಕ ಹಾಕೋಣ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಹತ್ತು ನಿಮಿಷ ಹೀಗೆ ಹೋಯಿತು ಎನ್ನಿ. ವಾರಕ್ಕೆ ಆರು ಪಿರಿಯಡ್ಡಾದರೆ ವಾರಕ್ಕೊಂದು ಗಂಟೆ. ವರ್ಷದಲ್ಲಿ 35 ವಾರ ಪಾಠ ನಡೆದರೆ 35 ಗಂಟೆ. ಅಂದರೆ ಒಂದೇ ವಿಷಯದಲ್ಲಿ 50ಕ್ಕೂ ಹೆಚ್ಚು ಪಿರಿಯಡ್ಡುಗಳು ಬೆಕ್ಕಿನ ಪಾಲಾದವು.

ಈಗ ಎರಡನೆಯ ಬೆಂಚಿನಲ್ಲಿ ಕುಳಿತ ಒಬ್ಬ ಹುಡುಗಿಯನ್ನು ನೋಡಿ. ಅವಳ ತಂದೆ ಗಾರೆ ಕೆಲಸಕ್ಕೆ ಹೋಗುತ್ತಾರೆ, ತಾಯಿ ಎರಡು ಮನೆಯಲ್ಲಿ ಪಾತ್ರೆ ತೊಳೆಯುತ್ತಾರೆ. ಮನೆಯಲ್ಲಿ ಲೆಕ್ಕ ಹೇಳಿಕೊಡುವವರಿಲ್ಲ, ಟ್ಯೂಷನ್ನಿಗೆ ಹಣವಿಲ್ಲ. ಅವಳಿಗೆ ಬೀಜಗಣಿತ ಎಂದರೆ ಆ ನಲವತ್ತು ನಿಮಿಷ ಮಾತ್ರ. ಟ್ಯೂಷನ್ನಿಗೆ ಹೋಗುವ ಮಗು ತರಗತಿಯಲ್ಲಿ ಕಳೆದುಕೊಂಡದ್ದನ್ನು ಸಂಜೆ ಹಣ ಕೊಟ್ಟು ಹಿಂದಕ್ಕೆ ಪಡೆಯುತ್ತದೆ. ಇವಳಿಗೆ ಆ ದಾರಿಯಿಲ್ಲ. ತರಗತಿಯ ಗದ್ದಲದಿಂದ ಹೆಚ್ಚು ನಷ್ಟ ಅನುಭವಿಸುವವರು ಬಡ ಮಕ್ಕಳೇ. ಮತ್ತು ಅವರು ಯಾವತ್ತೂ ದೂರು ಹೇಳುವುದಿಲ್ಲ. ಸಂಚಾಲಕರ ಕೋಣೆಗೆ ಇವಳ ತಂದೆ ಎಂದೂ ಬರುವುದಿಲ್ಲ. ಆದ್ದರಿಂದಲೇ ಪ್ರೀತಿಯ ಹೆಸರಿನಲ್ಲಿ "ಹೋಗಲಿ ಬಿಡಿ, ಮಕ್ಕಳು" ಎಂದು ಎಲ್ಲವನ್ನೂ ನಗುತ್ತಾ ಸಹಿಸುವ ಶಿಕ್ಷಕರನ್ನು ನಾನು ಮೆಚ್ಚಲಾರೆ. ಅವರ ಔದಾರ್ಯದ ಬೆಲೆಯನ್ನು ತೆರುವವಳು ಈ ಹುಡುಗಿ.

ಈ ಕಷ್ಟ ಮೊಬೈಲಿನ ಕಾಲದಲ್ಲಿ ಹುಟ್ಟಿದ್ದಲ್ಲ. ಸಂತ ಅಗಸ್ಟೀನರು ಉತ್ತರ ಆಫ್ರಿಕದ ಕಾರ್ಥೇಜ್ ನಗರದಲ್ಲಿ ಭಾಷಣಕಲೆ ಕಲಿಸುವ ಮೇಷ್ಟರಾಗಿದ್ದರು. ಅಲ್ಲಿನ ವಿದ್ಯಾರ್ಥಿಗಳು ತಮ್ಮದಲ್ಲದ ತರಗತಿಗೂ ನುಗ್ಗಿ ಪಾಠವನ್ನು ಹಾಳು ಮಾಡಿ ಹೋಗುತ್ತಿದ್ದರು. 383ರಲ್ಲಿ ಅವರು ಕಾರ್ಥೇಜ್ ಬಿಟ್ಟು ರೋಮಿಗೆ ಹೊರಟದ್ದಕ್ಕೆ ಹೆಚ್ಚಿನ ಸಂಪಾದನೆಗಿಂತಲೂ ಇದೇ ದೊಡ್ಡ ಕಾರಣ ಎಂದು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಬರೆದಿದ್ದಾರೆ. ರೋಮಿನ ಹುಡುಗರು ಶಾಂತ ಸ್ವಭಾವದವರು ಎಂದು ಕೇಳಿದ್ದರು. ಗಲಾಟೆ ಅಲ್ಲಿ ಇರಲಿಲ್ಲವೇನೋ ನಿಜ. ಆದರೆ ಫೀಸು ಕೊಡುವ ಸಮಯ ಬಂದಾಗ ಹುಡುಗರು ಮಾತಾಡಿಕೊಂಡು ಒಟ್ಟಾಗಿ ಬೇರೆ ಮೇಷ್ಟರ ಬಳಿಗೆ ಹೋಗಿಬಿಡುತ್ತಿದ್ದರು! ಶಿಕ್ಷಕ ವೃತ್ತಿಯಲ್ಲಿರುವ ನನ್ನ ಓದುಗರೇ, ತರಗತಿ ಕೈಮೀರಿದ ದಿನ ನೀವು ಮನೆಗೆ ಹೋಗಿ ಅಳುವುದಾದರೆ, ನಿಮ್ಮ ಜೊತೆಗೆ ತಿರುಸಭೆಯ ಅತ್ಯಂತ ದೊಡ್ಡ ಪಂಡಿತರೊಬ್ಬರಿದ್ದಾರೆ ಎಂದು ತಿಳಿಯಿರಿ.

ಅವರದೇ ಬರಹದಲ್ಲಿ ಇನ್ನೊಂದು ಮಾತಿದೆ, ನನಗೆ ಅದು ಇನ್ನೂ ಮುಖ್ಯವಾಗಿ ಕಾಣುತ್ತದೆ. ಅಗಸ್ಟೀನರು ತಾವೇ ವಿದ್ಯಾರ್ಥಿಯಾಗಿದ್ದಾಗ ಈ ಪುಂಡರ ಸಂಗಡ ತಿರುಗುತ್ತಿದ್ದರು. ಅವರ ಕೃತ್ಯಗಳಲ್ಲಿ ಕೈಹಾಕುತ್ತಿರಲಿಲ್ಲ. ಆದರೆ ತಾವು ಅವರಂತಿಲ್ಲವಲ್ಲ ಎಂದು ಒಳಗೊಳಗೇ ನಾಚಿಕೆಪಡುತ್ತಿದ್ದರು. ಮೂವತ್ತೊಂಬತ್ತು ಮಂದಿಯ ನಗುವಿನ ಒಳಗೆ ಇರುವುದು ಇದೇ. ಬೆಕ್ಕಿನ ಕೂಗು ಒಬ್ಬನದು. ಆದರೆ ನಾಟಕಕ್ಕೆ ಪ್ರೇಕ್ಷಕರು ಬೇಕು. ಹಾಗೆ ನೋಡಿದರೆ ಒಬ್ಬ ಪುಂಡ, ಮೂವತ್ತೊಂಬತ್ತು ಸಾಧುಗಳು ಎಂಬ ನಮ್ಮ ಲೆಕ್ಕವೇ ಪೂರ್ತಿ ಸರಿಯಲ್ಲ.

(ಇಮೋಲಾದ ಸಂತ ಕ್ಯಾಸಿಯನ್ ಎಂಬ ಮೇಷ್ಟರೊಬ್ಬರಿದ್ದರು. ಅವರ ಶಿಷ್ಯರೇ ಬರೆಯುವ ಮೊನಚು ಕಡ್ಡಿಗಳಿಂದ ಅವರನ್ನು ಇರಿದು ಕೊಂದರೆಂದು ಪ್ರಾಚೀನ ಕಥನವಿದೆ. ಆಗಸ್ಟ್ 13 ಅವರ ಸ್ಮರಣೆಯ ದಿನ. ಇದನ್ನು ಹೇಳಿದಾಗ ಒಬ್ಬ ಹಿರಿಯ ಶಿಕ್ಷಕರು, "ಫಾದರ್, ನಮ್ಮ ಸ್ಟಾಫ್ ರೂಮಿನಲ್ಲಿ ಇವರ ಚಿತ್ರ ಹಾಕಿಸಿ" ಎಂದರು.)

ಹಾಗಾದರೆ ಬೆತ್ತ ಹಿಡಿಯೋಣವೇ? 'ಛಡಿ ಚಂ ಚಂ, ವಿದ್ಯೆ ಘಂ ಘಂ' ಎಂದು ಹಿರಿಯರು ಹೇಳುತ್ತಿದ್ದರು. 'ದಂಡಂ ದಶಗುಣಂ' ಎಂಬ ಮಾತೂ ಇದೆ. ಬೆತ್ತ ಹಿಡಿಯದ ತಂದೆ ಮಗನನ್ನು ಪ್ರೀತಿಸುವುದಿಲ್ಲ ಎಂಬ ಅರ್ಥದ ಮಾತು ಪವಿತ್ರ ಗ್ರಂಥದ ಜ್ಞಾನೋಕ್ತಿಗಳಲ್ಲಿಯೂ ಬರುತ್ತದೆ ಎಂದು ಕೆಲವರು ನನಗೇ ನೆನಪಿಸುತ್ತಾರೆ. "ನಾವೆಲ್ಲ ಏಟು ತಿಂದೇ ಮುಂದೆ ಬಂದೆವು ಫಾದರ್" ಎಂದು ಹೇಳುವವರಂತೂ ಪ್ರತಿ ಸಭೆಯಲ್ಲೂ ಇದ್ದಾರೆ. ಅವರಿಗೆ ನಾನು ಹೇಳುವುದಿಷ್ಟೇ: ಏಟು ತಿಂದು ಮುಂದೆ ಬಂದವರು ಸಭೆಯಲ್ಲಿ ಮೈಕ್ ಹಿಡಿಯುತ್ತಾರೆ, ಏಟಿಗೆ ಹೆದರಿ ಐದನೆಯ ತರಗತಿಗೇ ಶಾಲೆ ಬಿಟ್ಟವರು ಆ ಸಭೆಗೆ ಬಂದಿರುವುದಿಲ್ಲ. ಎರಡೂ ಕಡೆಯವರನ್ನು ಎಣಿಸಿದ ಮೇಲೆ ಬೆತ್ತದ ಗುಣಗಾನ ಮಾಡೋಣ. ಇನ್ನು ಪವಿತ್ರ ಗ್ರಂಥದ ಬೆತ್ತದ ಬಗ್ಗೆ ಹೇಳುವುದಾದರೆ, ಕುರುಬನ ಕೈಯಲ್ಲಿಯೂ ಒಂದು ಕೋಲಿದೆ. ಅದು ತೋಳದ ಮೇಲೆ ಬೀಳುತ್ತದೆ, ಕುರಿಗೆ ದಾರಿ ತೋರಿಸುತ್ತದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 17ನೆಯ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸುತ್ತದೆ. ಈ ಕಾಯ್ದೆ ಎಂಟನೆಯ ತರಗತಿಯವರೆಗೆ ಮಾತ್ರ ಎಂದು ವಾದಿಸುವವರಿದ್ದಾರೆ. ಎಂಟನೆಯದಕ್ಕೂ ಒಂಬತ್ತನೆಯದಕ್ಕೂ ಇರುವ ವ್ಯತ್ಯಾಸ ಮಗುವಿನ ಬೆನ್ನಿಗೆ ಗೊತ್ತಾಗುವುದಿಲ್ಲ. ಅಲ್ಲದೆ 18 ವರ್ಷ ತುಂಬದ ಮಕ್ಕಳ ಮೇಲಿನ ಕ್ರೌರ್ಯವನ್ನು 2015ರ ಬಾಲನ್ಯಾಯ ಕಾಯ್ದೆಯೂ ಅಪರಾಧವೆನ್ನುತ್ತದೆ. "ಸರ್ಕಾರ ನಮ್ಮ ಕೈ ಕಟ್ಟಿಹಾಕಿದೆ" ಎಂದು ಶಿಕ್ಷಕರು ಹೇಳುವಾಗ ನಾನು ಸಂತ ಜಾನ್ ಬೋಸ್ಕೋರವರನ್ನು ನೆನೆಯುತ್ತೇನೆ. ಇಟಲಿಯ ಟ್ಯೂರಿನ್ ನಗರದ ಬೀದಿ ಹುಡುಗರು, ಜೈಲು ಕಂಡ ಹುಡುಗರು, ಕೂಲಿ ಹುಡುಗರು, ಇವರೇ ಅವರ ವಿದ್ಯಾರ್ಥಿಗಳು. ನಮ್ಮ ಒಂಬತ್ತನೆಯ ತರಗತಿಯ ಬೆಕ್ಕು ಅವರ ಮುಂದೆ ಏನೂ ಅಲ್ಲ. ತಮ್ಮ ಶಿಕ್ಷಣ ಕ್ರಮವನ್ನು ವಿವರಿಸಿ 1877ರಲ್ಲಿ ಅವರು ಒಂದು ಸಣ್ಣ ಪ್ರಬಂಧ ಬರೆದರು. ಹೊಡೆಯುವುದು, ನೋವಾಗುವಂತೆ ಮೊಣಕಾಲೂರಿಸುವುದು, ಕಿವಿ ಹಿಂಡುವುದು ಇವೆಲ್ಲವನ್ನೂ ಸಂಪೂರ್ಣವಾಗಿ ಬಿಡಬೇಕೆಂದು ಅದರಲ್ಲಿ ಹೇಳಿ ಮೂರು ಕಾರಣ ಕೊಟ್ಟರು. ಕಾನೂನು ಅದನ್ನು ನಿಷೇಧಿಸಿದೆ. ಅದು ಹುಡುಗರನ್ನು ಕೆರಳಿಸುತ್ತದೆ. ಅದು ಕಲಿಸುವವನನ್ನು ಕೀಳುಮಾಡುತ್ತದೆ. ಈ ಮೂರನೆಯ ಕಾರಣವನ್ನು ಗಮನಿಸಿ. ಏಟು ತಿಂದವನ ಅಪಮಾನದ ಬಗ್ಗೆ ನಾವು ಮಾತಾಡುತ್ತೇವೆ. ಕೊಟ್ಟವನ ಅಪಮಾನದ ಬಗ್ಗೆ ಜಾನ್ ಬೋಸ್ಕೋ ಯೋಚಿಸಿದ್ದರು.

ನಮ್ಮ ಭಾಷೆಯಲ್ಲಿ ಶಿಕ್ಷಣ, ಶಿಕ್ಷಕ, ಶಿಕ್ಷೆ ಮೂರೂ ಒಂದೇ ಸಂಸ್ಕೃತ ಧಾತುವಿನಿಂದ ಬಂದ ಮಾತುಗಳು. ಸಂಸ್ಕೃತದಲ್ಲಿ 'ಶಿಕ್ಷಾ' ಎಂದರೆ ಕಲಿಕೆ. ಅದು ಕನ್ನಡಕ್ಕೆ ಬಂದು ಶಿಕ್ಷೆಯಾಗಿ, ದಂಡನೆ ಎಂಬ ಅರ್ಥದಲ್ಲೇ ನೆಲೆ ನಿಂತಿತು. ನಮ್ಮ ಶಾಲೆಗಳ ಇತಿಹಾಸವೇ ಆ ಒಂದು ಪದದಲ್ಲಿದೆ ಎಂದು ನನಗೆ ಕೆಲವೊಮ್ಮೆ ಅನ್ನಿಸುತ್ತದೆ. ಆದರೂ ಹಳೆಯ ಅರ್ಥದಿಂದ ಒಂದು ಅಳತೆಗೋಲು ಸಿಗುತ್ತದೆ: ಕೊಟ್ಟ ಶಿಕ್ಷೆಯಿಂದ ಆ ಹುಡುಗ ಏನನ್ನು ಕಲಿತ? ಮುರಿದ ಬೆಂಚನ್ನು ಸಂಜೆ ನಿಂತು ರಿಪೇರಿ ಮಾಡಿಸಿದರೆ ಅವನು ಏನನ್ನೋ ಕಲಿತಾನು. ನೂರು ಸಲ 'ನಾನು ಗಲಾಟೆ ಮಾಡುವುದಿಲ್ಲ' ಎಂದು ಬರೆಸಿದರೆ ಬರೆಯುವುದೇ ಒಂದು ದಂಡನೆ ಎಂದು ಕಲಿಯುತ್ತಾನೆ. ಬರವಣಿಗೆಯನ್ನು ಪ್ರೀತಿಸಲು ಕಲಿಸಬೇಕಾದ ಜಾಗದಲ್ಲಿ ಇದಕ್ಕಿಂತ ಕೆಟ್ಟ ಪಾಠ ಉಂಟೇ?

ಈಗ ಕೋಪದ ವಿಷಯಕ್ಕೆ ಬರೋಣ, ಏಕೆಂದರೆ ನಿಜವಾದ ಪರೀಕ್ಷೆ ಅಲ್ಲಿಯೇ. ಶಿಕ್ಷಕಿ ಕೋಪಗೊಳ್ಳುವುದು ಪಾಪವೇ? ಪಾಪನಿವೇದನೆಯಲ್ಲಿ ಶಿಕ್ಷಕರು ಅತಿ ಹೆಚ್ಚು ಹೇಳುವುದು ಇದನ್ನೇ ಇರಬಹುದೆಂದು ನೀವು ಊಹಿಸಬಹುದು, ನಾನು ಹೇಳಲಾರೆ. ಸಂತ ಥಾಮಸ್ ಅಕ್ವಿನಾಸರು ಕೋಪವನ್ನು ಸಾರಾಸಗಟಾಗಿ ಖಂಡಿಸುವುದಿಲ್ಲ. ವಿವೇಕದ ಹಿಂದೆ ನಡೆಯುವ ಕೋಪ ಒಳ್ಳೆಯದು ಎನ್ನುತ್ತಾರೆ. ಕೋಪಿಸಿಕೊಳ್ಳಲೇಬೇಕಾದಲ್ಲಿ ಕೋಪ ಬಾರದಿರುವುದೂ ಒಂದು ದೋಷ ಎನ್ನುವಷ್ಟು ದೂರ ಅವರು ಹೋಗುತ್ತಾರೆ. ಎರಡನೆಯ ಬೆಂಚಿನ ಹುಡುಗಿಯ ಪಾಲಿನ ಪಾಠವನ್ನು ಕಸಿದುಕೊಂಡಾಗ ಶಿಕ್ಷಕಿಗೆ ಏನೂ ಅನ್ನಿಸದಿದ್ದರೆ ಅವಳು ಸಂತಳಲ್ಲ, ದಣಿದು ಕೈಬಿಟ್ಟವಳು.

ಆದರೆ ಆ ಕೋಪ ಯಾರಿಗಾಗಿ? ಅಗಸ್ಟೀನರು ತಮ್ಮ ಬಾಲ್ಯದ ಮೇಷ್ಟರನ್ನು ನೆನೆಯುತ್ತಾರೆ. ಓದುವುದನ್ನು ಬಿಟ್ಟು ಚೆಂಡಾಡಿದ್ದಕ್ಕೆ ಆ ಮೇಷ್ಟರು ಹೊಡೆಯುತ್ತಿದ್ದರು. ಅದೇ ಮೇಷ್ಟರು ಯಾವುದೋ ಕ್ಷುಲ್ಲಕ ವಾದದಲ್ಲಿ ಸಹೋದ್ಯೋಗಿಗೆ ಸೋತರೆ, ಚೆಂಡಾಟದಲ್ಲಿ ಸೋತ ಹುಡುಗನಿಗಿಂತ ಹೆಚ್ಚು ಕುದಿಯುತ್ತಿದ್ದರಂತೆ. ದೊಡ್ಡವರ ಆಟಕ್ಕೆ ವ್ಯವಹಾರ ಎಂಬ ಹೆಸರು, ಮಕ್ಕಳ ಆಟಕ್ಕೆ ಮಾತ್ರ ಏಟು ಎಂದು ಅವರು ಕಹಿಯಾಗಿಯೇ ಬರೆಯುತ್ತಾರೆ. ಬೆಕ್ಕು ಕೂಗಿದಾಗ ಶಿಕ್ಷಕಿಯ ಎದೆಯಲ್ಲಿ ಏಳುವ ಕೋಪ ಎರಡು ಎಳೆಯದು. ಒಂದು, ಈ ಮಕ್ಕಳ ಪಾಠ ಹಾಳಾಯಿತಲ್ಲ ಎಂಬುದು. ಇನ್ನೊಂದು, ಇಷ್ಟು ಮಂದಿಯ ಮುಂದೆ ನನ್ನನ್ನು ನೋಡಿ ನಕ್ಕರಲ್ಲ ಎಂಬುದು. ಆ ಗಳಿಗೆಯಲ್ಲಿ ಎರಡನ್ನೂ ಬೇರ್ಪಡಿಸುವುದು ಯಾರಿಗೂ ಸಾಧ್ಯವಿಲ್ಲ. ಸಂಜೆಯ ಹೊತ್ತಿಗೆ ಸಾಧ್ಯವಿದೆ. ಅದಕ್ಕೇ ಶಿಕ್ಷೆಯ ತೀರ್ಮಾನವನ್ನು ಆ ಗಳಿಗೆಯಲ್ಲಿ ತೆಗೆದುಕೊಳ್ಳಬೇಡಿ ಎಂದು ನಾನು ನಮ್ಮ ಶಿಕ್ಷಕರಿಗೆ ಹೇಳುತ್ತೇನೆ. ಶಿಕ್ಷಕರ ಪಾಲಕ ಸಂತರಾದ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ ಅವರು ತಮ್ಮ ಸಹೋದರ ಶಿಕ್ಷಕರಿಗೆ ಕೋಪಾವೇಶದಲ್ಲಿ ಶಿಕ್ಷಿಸಬೇಡಿರೆಂದು ಕಟ್ಟುನಿಟ್ಟು ಮಾಡಿದ್ದರು. ತರಗತಿಯಲ್ಲಿ ಆದಷ್ಟು ಕಡಿಮೆ ಮಾತಾಡಬೇಕೆಂದು, ಮರದ ಒಂದು ಸಣ್ಣ ಸಾಧನದ ಸದ್ದಿನಿಂದಲೇ ಮಕ್ಕಳಿಗೆ ಸೂಚನೆ ಕೊಡುವ ಪದ್ಧತಿಯನ್ನು ಅವರ ಶಾಲೆಗಳು ಇಟ್ಟುಕೊಂಡಿದ್ದವು. ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಂಡ ಶಿಕ್ಷಕರಿಗೆ ಇದರ ಬೆಲೆ ಗೊತ್ತು.

ಇಷ್ಟು ಹೇಳಿದ ಮೇಲೆ ಆ ಹುಡುಗನ ಬಳಿಗೆ ಹೋಗೋಣ. ನನಗೆ ತಿಳಿದಿರುವ ಒಬ್ಬ ಶಿಕ್ಷಕಿ ತನ್ನ ತರಗತಿಯ ಹುಡುಗನೊಬ್ಬನ ಗಲಾಟೆಯನ್ನು ಎರಡು ವಾರ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಯಾವ ಪಿರಿಯಡ್, ಯಾವ ಗಳಿಗೆ, ಅದಕ್ಕೆ ಮೊದಲು ಏನು ನಡೆಯಿತು ಎಂದು. ವಿಜ್ಞಾನದ ಪ್ರಯೋಗ ನಡೆಯುವಾಗ ಅವನು ಸುಮ್ಮನಿದ್ದ. ಆಟದ ಪಿರಿಯಡ್ಡಿನಲ್ಲಿ ತೊಂದರೆಯೇ ಇಲ್ಲ. ಪಠ್ಯವನ್ನು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಿಸುವಾಗ ಮಾತ್ರ, ಸರದಿ ಅವನ ಬೆಂಚಿನ ಹತ್ತಿರ ಬರುತ್ತಿದ್ದಂತೆ, ಏನೋ ಒಂದು ಬೀಳುತ್ತಿತ್ತು, ಯಾರೋ ಕಿರುಚುತ್ತಿದ್ದರು, ಅವನನ್ನು ಹೊರಗೆ ಕಳಿಸಲಾಗುತ್ತಿತ್ತು. ಹೊರಗೆ ಹೋಗುವಾಗ ಅವನ ಮುಖದಲ್ಲಿ ನಗು. ಅವನಿಗೆ ಓದಲು ಬರುತ್ತಿರಲಿಲ್ಲ. ಅಕ್ಷರ ಕೂಡಿಸಿ ಕೂಡಿಸಿ ಮೂರನೆಯ ತರಗತಿಯ ಮಗುವಿನಂತೆ ಓದುತ್ತಿದ್ದ. ಅದು ಮೀಸೆ ಚಿಗುರುತ್ತಿರುವ ವಯಸ್ಸು. ಹುಡುಗಿಯರ ಮುಂದೆ 'ಓದಲು ಬಾರದವನು' ಎನ್ನಿಸಿಕೊಳ್ಳುವುದಕ್ಕಿಂತ 'ಪುಂಡ' ಎನ್ನಿಸಿಕೊಳ್ಳುವುದು ಅವನಿಗೆ ಸಾವಿರ ಪಾಲು ಮೇಲು. ನಾವು ಕೊಡುತ್ತಿದ್ದ ಶಿಕ್ಷೆ ಅವನು ಬಯಸಿದ ಬಿಡುಗಡೆಯೇ ಆಗಿತ್ತು.

ಇಂಥವನು ಅಪರೂಪ ಎಂದುಕೊಳ್ಳಬೇಡಿ. ದೇಶದ 28 ಜಿಲ್ಲೆಗಳಲ್ಲಿ 14ರಿಂದ 18ರ ವಯಸ್ಸಿನವರ ನಡುವೆ ನಡೆದ 2023ರ ಆಸರ್ ಸಮೀಕ್ಷೆಯಲ್ಲಿ ಸುಮಾರು ಶೇಕಡಾ 25 ಮಂದಿಗೆ ತಮ್ಮ ಪ್ರಾದೇಶಿಕ ಭಾಷೆಯಲ್ಲಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಲು ಬರುತ್ತಿರಲಿಲ್ಲ. ಎಲ್ಲ ಗದ್ದಲಕ್ಕೂ ಇದೇ ಕಾರಣವೆಂದು ನಾನು ಹೇಳುವುದಿಲ್ಲ. ಬೋರ್ಡು ಕಾಣಿಸದ ಕಣ್ಣು, ಸರಿಯಾಗಿ ಕೇಳಿಸದ ಕಿವಿ, ಒಂದೆಡೆ ಕೂರಲಾಗದ ಚಂಚಲತೆ (ಇದಕ್ಕೆ ವೈದ್ಯರ ಸಲಹೆ ಬೇಕು, ಬೈಗುಳ ಸಾಲದು), ರಾತ್ರಿಯಿಡೀ ಕುಡಿದು ಬಂದ ಅಪ್ಪನ ರಂಪಾಟ, ಹೀಗೆ ಕಾರಣ ಹಲವು. ಕೆಲವು ಹುಡುಗರು ಕೇವಲ ಮೋಜಿಗಾಗಿ ಗಲಾಟೆ ಮಾಡುತ್ತಾರೆ ಎಂಬುದನ್ನೂ ಒಪ್ಪೋಣ. ಪ್ರತಿ ಕೀಟಲೆಯ ಹಿಂದೆಯೂ ಒಂದು ಕಣ್ಣೀರಿನ ಕಥೆ ಹುಡುಕುವುದು ಇತ್ತೀಚಿನ ಒಂದು ಗೀಳು. ಕಾರಣ ತಿಳಿದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಆದರೆ ಕಾರಣ ತಿಳಿಯದೆ ತಿದ್ದುವುದು ಕತ್ತಲಲ್ಲಿ ಔಷಧಿ ಹುಡುಕಿದಂತೆ.

ಮತ್ತೆ ನಮ್ಮ ಮೂಲ ಪ್ರಶ್ನೆ. ತಪ್ಪಿಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೋದ ಕುರುಬನ ಸಾಮತಿಯನ್ನು ನಾನು ಶಿಕ್ಷಕರ ಕೂಟದಲ್ಲಿ ಹೇಳಿದಾಗ ಒಬ್ಬ ಶಿಕ್ಷಕಿ ನೇರವಾಗಿ ಕೇಳಿದರು: "ಫಾದರ್, ಆ ಕುರಿಗಳಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಇರಲಿಲ್ಲ. ನಾನು ಒಬ್ಬನ ಹಿಂದೆ ಹೋದರೆ ಇವರ ಸಿಲಬಸ್ ಮುಗಿಸುವವರಾರು?" ಎಲ್ಲರೂ ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ.

ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯವನ್ನು ತೆರೆದು ನೋಡಿ. ತಪ್ಪಿಹೋದ ಕುರಿಯ ಸಾಮತಿ ಮುಗಿದ ಕೂಡಲೇ ಪ್ರಭು ಯೇಸು ತಪ್ಪು ಮಾಡಿದವನನ್ನು ತಿದ್ದುವ ಕ್ರಮವನ್ನು ಹೇಳುತ್ತಾರೆ. ಮೊದಲು ಅವನೊಬ್ಬನನ್ನೇ ಕಂಡು ಮಾತಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಯ ಮುಂದೆ ಇಡು. ನಮ್ಮ ಶಾಲೆಗಳಲ್ಲಿ ಇದು ಸಾಮಾನ್ಯವಾಗಿ ತಲೆಕೆಳಗಾಗಿ ನಡೆಯುತ್ತದೆ. ಮೊದಲು ಇಡೀ ತರಗತಿಯ ಮುಂದೆ ಮಾನ ತೆಗೆಯುತ್ತೇವೆ, ಅನಂತರ ಸ್ಟಾಫ್ ರೂಮಿನಲ್ಲಿ ಅವನ ಮನೆತನದವರೆಗೂ ಚರ್ಚಿಸುತ್ತೇವೆ. ಅವನೊಬ್ಬನ ಜೊತೆ ಐದು ನಿಮಿಷ ಕುಳಿತು ಮಾತಾಡುವುದು ಕೊನೆಗೂ ಆಗುವುದಿಲ್ಲ.

"ತಪ್ಪು ಎಲ್ಲರ ಮುಂದೆ ನಡೆದಿದೆ, ತಿದ್ದುವುದೂ ಎಲ್ಲರ ಮುಂದೆಯೇ ಆಗಬೇಕಲ್ಲವೇ?" ಎಂದು ನೀವು ಕೇಳಬಹುದು. ಅಕ್ವಿನಾಸರು ಇದನ್ನೂ ಯೋಚಿಸಿದ್ದಾರೆ. ಬಹಿರಂಗ ತಪ್ಪಿಗೆ ಬಹಿರಂಗ ತಿದ್ದುಪಡಿ ಬೇಕು, ಏಕೆಂದರೆ ನೋಡಿದವರೂ ಕೆಡಬಾರದು ಎಂಬುದು ಅವರ ಮಾತು. ಇದನ್ನು ತರಗತಿಗೆ ಹೊಂದಿಸಿದರೆ ಹೀಗೆ ಎನ್ನಬಹುದು: ನಿಲ್ಲಿಸುವುದು ಎಲ್ಲರ ಮುಂದೆ, ತಿದ್ದುವುದು ಒಬ್ಬನ ಜೊತೆ. "ಸಾಕು, ಮುಂದಿನ ಬೆಂಚಿಗೆ ಬಾ. ಸಂಜೆ ನನ್ನನ್ನು ಕಂಡು ಹೋಗು." ಒಂದೇ ವಾಕ್ಯ, ತಗ್ಗಿದ ಧ್ವನಿ, ಮರುಕ್ಷಣ ಲೆಕ್ಕ ಮುಂದುವರಿಯಬೇಕು. ಎರಡನೆಯ ಬೆಂಚಿನ ಹುಡುಗಿಯ ಹತ್ತು ನಿಮಿಷ ಅರ್ಧ ನಿಮಿಷಕ್ಕೆ ಇಳಿಯಿತು. ಪ್ರೇಕ್ಷಕರಿಗೆ ನಾಟಕ ಸಿಗಲಿಲ್ಲ. ಹುಡುಗನ ಮಾನವೂ ಉಳಿಯಿತು. ಸಂಜೆ ಕರೆದದ್ದನ್ನು ಶಿಕ್ಷಕಿ ಮರೆಯಬಾರದು, ಅಷ್ಟೇ. ಮರೆತರೆ ಅವನು ನಾಳೆಯಿಂದ ಅವಳ ಮಾತನ್ನು ನಂಬುವುದಿಲ್ಲ.

ಎರಡನೆಯ ಹಂತದ ಬಗ್ಗೆಯೂ ಒಂದು ಮಾತು. ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಳ್ಳಲು ಶಿಕ್ಷಕರಿಗೆ ನಾಚಿಕೆ. ಸಹಾಯ ಕೇಳಿದರೆ 'ತರಗತಿ ನಿಭಾಯಿಸಲು ಬಾರದವಳು' ಎಂಬ ಹೆಸರು ಬರುತ್ತದೆಂಬ ಭಯ. ಹೊಸದಾಗಿ ಸೇರಿದ ಇಪ್ಪತ್ತಮೂರು ವರ್ಷದ ಶಿಕ್ಷಕಿ ಟಾಯ್ಲೆಟ್ಟಿನಲ್ಲಿ ಅತ್ತು ಮುಖ ತೊಳೆದುಕೊಂಡು ಮುಂದಿನ ಪಿರಿಯಡ್ಡಿಗೆ ಹೋಗುವ ಶಾಲೆ ಒಳ್ಳೆಯ ಶಾಲೆಯಲ್ಲ, ಅದರ ಫಲಿತಾಂಶ ಎಷ್ಟೇ ಇರಲಿ. ನಮ್ಮ ಭಾನುವಾರದ ಧರ್ಮೋಪದೇಶ ತರಗತಿಗಳಲ್ಲಿಯೂ ಇದೇ ಕಥೆ. ಕಾಲೇಜು ಹುಡುಗಿಯೊಬ್ಬಳ ಕೈಗೆ ಮೂವತ್ತು ಮಕ್ಕಳನ್ನು ಕೊಟ್ಟು, ನಾವು ಹೊರಗೆ ನಿಂತು ಕಾಫಿ ಕುಡಿಯುತ್ತಾ ಒಳಗಿನ ಗದ್ದಲವನ್ನು ಟೀಕಿಸುತ್ತೇವೆ.

ಕೊನೆಯದು ಟಿ.ಸಿ. ಪ್ರಶ್ನೆ. ಸರಿಪಡಿಸಲು ಮಾಡಿದ ಪ್ರಯತ್ನಗಳೆಲ್ಲ ವಿಫಲವಾದಾಗ ಅಧಿಕಾರದಲ್ಲಿರುವವನು ಸರ್ವರ ಹಿತಕ್ಕಾಗಿ ಕಠಿಣ ಕ್ರಮ ಕೈಗೊಳ್ಳಲೇಬೇಕು, ತಪ್ಪಿತಸ್ಥನಿಗೆ ನೋವಾಗುತ್ತದೆಂದು ಹಿಂಜರಿಯಬಾರದು ಎಂದು ಅಕ್ವಿನಾಸರು ಹೇಳುತ್ತಾರೆ. ನಾನು ಒಪ್ಪುತ್ತೇನೆ. ಸಹಪಾಠಿಗಳಿಗೆ ಅಪಾಯವಾಗುವಂಥ ಹಿಂಸೆ, ಹುಡುಗಿಯರಿಗೆ ಕಿರುಕುಳ ಇಂಥವು ಎಚ್ಚರಿಕೆಗಳ ನಂತರವೂ ನಿಲ್ಲದಿದ್ದರೆ, ಆ ಹುಡುಗನಿಗೆ ಬೇರೊಂದು ವ್ಯವಸ್ಥೆಯನ್ನು ನಾವೇ ಹುಡುಕಿಕೊಟ್ಟು ಕಳಿಸಬೇಕಾದೀತು. ಆದರೆ ನಮ್ಮ ರಾಜ್ಯದಲ್ಲಿ ಎಷ್ಟೋ ಟಿ.ಸಿ.ಗಳು ಬರೆಯಲ್ಪಡುವುದು ಒಂಬತ್ತನೆಯ ತರಗತಿಯ ಕೊನೆಯಲ್ಲಿ ಏಕೆ? ಹತ್ತನೆಯ ತರಗತಿಯಲ್ಲಿ ಶೇಕಡಾ ನೂರು ಫಲಿತಾಂಶದ ಬ್ಯಾನರು ಕಟ್ಟಬೇಕು. 'ಸರ್ವರ ಹಿತ' ಎಂಬ ದೊಡ್ಡ ಮಾತಿನ ಹಿಂದೆ ಆ ಬ್ಯಾನರು ಅಡಗಿದ್ದರೆ, ಅದು ನ್ಯಾಯವಲ್ಲ. ಕ್ರೈಸ್ತ ಸಂಸ್ಥೆಯ ಹೆಸರು ಹೊತ್ತ ಶಾಲೆಯಲ್ಲಂತೂ ಅದು ನಾಚಿಕೆಗೇಡು. ಸಭೆಯ ಮಾತನ್ನೂ ಕೇಳದವನನ್ನು ಸುಂಕದವನಂತೆ ಕಾಣು ಎಂದು ಅದೇ 18ನೆಯ ಅಧ್ಯಾಯ ಹೇಳುತ್ತದೆ. ಅದನ್ನು ಬರೆದ ಶುಭಸಂದೇಶಕಾರನ ಹೆಸರು ಮತ್ತಾಯ. ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಆ ಹೆಸರಿನವನನ್ನು ಯೇಸು ಕರೆದರು, ಸುಂಕದವರ ಜೊತೆ ಊಟಕ್ಕೆ ಕುಳಿತರು.

ತಂದೆತಾಯಿಗಳೇ, ನಿಮ್ಮಲ್ಲಿ ಎರಡು ಬಗೆಯವರನ್ನು ನಾನು ಕಾಣುತ್ತೇನೆ. ಒಬ್ಬರು, "ಚರ್ಮ ಸುಲೀರಿ ಟೀಚರ್, ನಾವು ಕೇಳೋದಿಲ್ಲ" ಎನ್ನುವವರು. ಇನ್ನೊಬ್ಬರು, "ನಮ್ಮ ಮಗ ಮನೇಲಿ ಎಷ್ಟು ಒಳ್ಳೆಯವನು, ನಿಮ್ಮ ಶಾಲೇಲೇ ಏನೋ ಸರಿ ಇಲ್ಲ" ಎನ್ನುವವರು. ಇಬ್ಬರೂ ಮಗನ ಜವಾಬ್ದಾರಿಯನ್ನು ಶಾಲೆಯ ಗೇಟಿನಲ್ಲಿಯೇ ಇಳಿಸಿ ಹೋಗುವವರು. ಶಾಲೆಯಿಂದ ಕರೆ ಬಂದಾಗ ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಮಗನ ಎದುರಿಗೆ ಶಿಕ್ಷಕಿಯನ್ನು ಹಳಿಯಬೇಡಿ, ಶಿಕ್ಷಕಿಯ ಎದುರಿಗೆ ಮಗನನ್ನು ಹೊಡೆಯಬೇಡಿ. ಮನೆಯಲ್ಲಿ ಅವನಿಗೆ ಓದಲು ನಿಜವಾಗಿ ಬರುತ್ತದೆಯೇ ಎಂದು ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ನಿಮಗೇ ಓದಲು ಬಾರದಿದ್ದರೆ ಪಕ್ಕದ ಮನೆಯವರನ್ನು ಕೇಳಿ, ಅದರಲ್ಲಿ ಅವಮಾನವಿಲ್ಲ.

ಶಿಕ್ಷಕರೂ ಒಂದನ್ನು ಯೋಚಿಸಬಹುದು. ನಮ್ಮ ಶಾಲೆಗಳಿಂದ ಮನೆಗೆ ಹೋಗುವ ಫೋನ್ ಕರೆಗಳೆಲ್ಲ ದೂರಿನ ಕರೆಗಳೇ. ಗಣಿತದ ಮೇಷ್ಟರೊಬ್ಬರು ಒಮ್ಮೆ ಒಬ್ಬ ಹುಡುಗನ ಮನೆಗೆ ಫೋನ್ ಮಾಡಿದರು. ಅವನ ತಾಯಿ ಫೋನ್ ಎತ್ತಿದವರೇ, "ಇವತ್ತೇನು ಮಾಡಿದ ಸರ್?" ಎಂದು ಗಾಬರಿಯಿಂದ ಕೇಳಿದರು. "ಏನಿಲ್ಲಮ್ಮ, ಇವತ್ತು ಬೋರ್ಡಿಗೆ ಬಂದು ಒಂದು ಲೆಕ್ಕ ಬಿಡಿಸಿದ. ಸರಿಯಾಗಿತ್ತು. ಹೇಳೋಣ ಅಂತ ಮಾಡಿದೆ" ಎಂದರು ಮೇಷ್ಟರು. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲವಂತೆ. ಮರುದಿನ ಬೆಳಿಗ್ಗೆ ಅದೇ ಹುಡುಗ ಡಸ್ಟರ್ ಬಚ್ಚಿಟ್ಟು ಸಿಕ್ಕಿಬಿದ್ದ. ಮೇಷ್ಟರು ಅವನಿಗೆ, ಸಂಜೆ ಕಂಡು ಹೋಗು ಎಂದರು.